ವಖಾರಿಯೊಳಗೆ ಹೊಕ್ಕ ಕ್ಯಾಮೆರಾ

ಕಾಗಲ್ ದಾಟಿ ಕೊಗನೊಳ್ಳಿ ಟೋಲ್ ಸಿಕ್ಕರೆ ಕರ್ನಾಟಕ ಬಂತೆಂದು ಲೆಕ್ಕ. ಮೊಬೈಲಿಗೆ ಮಾತ್ರ ಈ ಗಡಿ ಇನ್ನೂ ಒಪ್ಪಿಗೆಯಾದಂತಿಲ್ಲ. ಆಯಿಯ ಕಟ್ಟೆಯ ಮೇಲೆ ಕೂತು ಸಿನಿಮಾ ಹಚ್ಚಿದರೆ ನಡುವೆಯೇ ಮಹಾರಾಷ್ಟ್ರಕ್ಕೆ ಸ್ವಾಗತ ಎಂಬ ಮೆಸೇಜು ಬಂತು.

ಆಯಿ ಹರೆಯದಲ್ಲಿ ನಿಪ್ಪಾಣಿಯ ತಂಬಾಕು ವಖಾರಿಗೆ ಹೋದವಳು. ನಾವು ನೋಡಿದ್ದು ‘ತಂಬಾಕು ಚಾಕಿಲಾ ಊಬ್ ಆಲಿ’. 1982ರ ಕಪ್ಪು-ಬಿಳುಪು ಸಾಕ್ಷ್ಯಚಿತ್ರ, ಮರಾಠಿಯದು, ಅರ್ಧ ತಾಸೂ ಇಲ್ಲ. ಹೆಂಗಸರು ಮುಖಕ್ಕೆ ಬಟ್ಟೆ ಬಿಗಿದು ಧೂಳಿನೊಳಗೆ ದುಡಿಯುವುದನ್ನು ನಾನು ನೋಡುತ್ತಿದ್ದೆ. ಆಯಿಯ ಕಣ್ಣು ಅವರ ಕೈಗಳ ಮೇಲಿತ್ತು.

“ಕೆಲಸೇನೋ ಬರೋಬ್ಬರಿ ತೋರ್ಸ್ಯಾರ. ಖರೆ, ಘಾಟ ಬರೂದಿಲ್ಲಲಾ ಇದ್ರಾಗ!”

ಇದನ್ನು ಮಾಡಿದ್ದು ‘ಯುಗಾಂತರ್’ ಎಂಬ ಸ್ತ್ರೀವಾದಿ ಚಿತ್ರ ತಂಡ. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮೊದಲಾದವರು 1980ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದು. ಕ್ಯಾಮೆರಾ ಹಿಡಿದವರು ನವ್ರೋಜ್ ಕಾಂಟ್ರಾಕ್ಟರ್. ಹೆಂಗಸರ ತಂಡದಲ್ಲಿ ಗಂಡಸಿಗೇನು ಕೆಲಸ ಎನ್ನುವವರು ಒಮ್ಮೆ ಆ ಚಿತ್ರಿಕೆಗಳನ್ನು ನೋಡಬೇಕು. ಹೆಣ್ಣುಮಕ್ಕಳ ಸ್ವಂತ ಪ್ರಕಟಣೆ ನಮ್ಮಲ್ಲಿ ಹೊಸದೇನಲ್ಲ. ಬಾಲವಿಧವೆ ನಂಜನಗೂಡು ತಿರುಮಲಾಂಬಾ 1913ರಲ್ಲೇ ‘ಸತೀಹಿತೈಷಿಣಿ’ ಗ್ರಂಥಮಾಲೆ ಶುರುಮಾಡಿದ್ದರು, ಆಮೇಲೆ ‘ಕರ್ನಾಟಕ ನಂದಿನಿ’ ಪತ್ರಿಕೆ ತಂದರು. ಆದರೆ ಕಾಗದ, ಮಸಿಯ ಖರ್ಚೇ ಬೇರೆ, ಫಿಲ್ಮಿನ ಖರ್ಚೇ ಬೇರೆ.

16 ಎಂಎಂ ಫಿಲ್ಮಿನ 400 ಅಡಿಯ ಒಂದು ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಸುಮ್ಮನೆ ಓಡಿಸುತ್ತ ಕೂರುವಂತಿಲ್ಲ. ಯುಗಾಂತರ್‌ನವರು ನಿಪ್ಪಾಣಿಯಲ್ಲಿ ನಾಲ್ಕು ತಿಂಗಳು ಕಳೆದರು. ಕೂಲಿ, ಮೈಮೇಲಿನ ದೌರ್ಜನ್ಯ, ಸಂಘಟನೆ, ಮುಷ್ಕರದ ಮಾತುಗಳನ್ನು ಕೂತು ಕೇಳಿದರು. ಕೊನೆಗೆ ಕೆಲಸಗಾರ್ತಿಯರೇ ಕ್ಯಾಮೆರಾವನ್ನು ವಖಾರಿಯೊಳಗೆ ಕರೆದೊಯ್ದರು. ನಡೆದುಹೋದ ಕೆಲವು ಪ್ರಸಂಗಗಳನ್ನು ತಾವೇ ಮತ್ತೆ ನಟಿಸಿ ತೋರಿಸಿದರು. ನನಗೆ ಇಡೀ ಚಿತ್ರದಲ್ಲಿ ಹಿಡಿಸಿದ್ದು ಇದೇ. ತಮ್ಮ ಮುಷ್ಕರಕ್ಕೆ ತಾವೇ ಪಾತ್ರಧಾರಿಗಳು.

ಪ್ರೊಜೆಕ್ಟರ್ ಹೊತ್ತು ಬಸ್ತಿ, ಸಂಘಗಳಲ್ಲಿ ಇಂಥ ಚಿತ್ರಗಳನ್ನು ತೋರಿಸಿದ್ದೂ ಉಂಟು. ನಾಲ್ಕು ಚಿತ್ರವಾಗುವಷ್ಟರಲ್ಲಿ, 1983ಕ್ಕೆ, ತಂಡದ ಕೆಲಸ ನಿಂತಿತು. ದಶಕಗಳ ಮೇಲೆ ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಇವುಗಳನ್ನು ಶುಚಿಗೊಳಿಸಿ ಡಿಜಿಟಲ್ ಮಾಡಿತು. ನಿಪ್ಪಾಣಿ ಎಂದರೆ 1981ರ ತಂಬಾಕು ರೈತರ ಚಳವಳಿ, ಗೋಲಿಬಾರು ಎಂಬುದು ಇಲ್ಲಿ ಎಲ್ಲರ ಬಾಯಲ್ಲಿದೆ. ಅದೇ ಕಾಲದಲ್ಲಿ ಬೀದಿಗಿಳಿದ ಈ ಹೆಂಗಸರ ಮುಖಗಳನ್ನು ಹುಡುಕಲು ಬರ್ಲಿನ್ ತನಕ ಹೋಗಬೇಕಾಯಿತು.

ಚಿತ್ರ ಮುಗಿಯಿತು. “ಇನ್ನೊಮ್ಮೆ ಹಚ್ಚು” ಅಂದಳು ಆಯಿ. ಎರಡನೆಯ ಸಲ ಗುಂಪಿನಲ್ಲಿ ಗುರುತಿನವರು ಯಾರಾದರೂ ಕಂಡಾರೆಂದು ಕಣ್ಣು ಕಿರಿದು ಮಾಡಿ ನೋಡಿದಳು. ಯಾರೂ ಸಿಗಲಿಲ್ಲ. ಮೊಬೈಲು ಮರಳಿ ಕೊಡುವ ಮುಂಚೆ, ಧೂಳು ಕೂತಿದೆಯೇನೋ ಎಂಬಂತೆ, ಸೆರಗಿನಿಂದ ಅದರ ಗಾಜು ಒರೆಸಿದಳು.