ವಿದ್ಯುತ್ ಸ್ಕೂಟರಿನ ಆಯ್ಕೆ

ಊರು ಬೆಳೆದಂತೆ ಜನರ ನಿತ್ಯದ ದಾರಿಯೂ ಉದ್ದವಾಗುತ್ತದೆ. ಇದಕ್ಕೆ ಬಾಗಲಕೋಟೆಯೇ ಒಳ್ಳೆಯ ನಿದರ್ಶನ. ಘಟಪ್ರಭಾ ನದಿಯ ದಂಡೆಯ ಮೇಲಿದ್ದ ಹಳೆಯ ಊರಿನ ಅನೇಕ ಭಾಗಗಳು ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಸೇರಿದವು. ನೆಲೆ ಕಳೆದುಕೊಂಡವರಿಗಾಗಿ ಹಳೆಯ ಊರಿನಿಂದ ಕೆಲವು ಕಿಲೋಮೀಟರು ದೂರದಲ್ಲಿ ನವನಗರವನ್ನು ಕಟ್ಟಲಾಯಿತು. 1997ರಲ್ಲಿ ಬಾಗಲಕೋಟೆಯು ಜಿಲ್ಲಾ ಕೇಂದ್ರವಾಯಿತು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಕಚೇರಿಗೆ ಕಾಲ್ನಡಿಗೆಯಲ್ಲಿಯೇ ಹೋಗಿಬರುತ್ತಿದ್ದ ಜನರಿಗೆ ಇದರಿಂದ ವಾಹನವು ಅನಿವಾರ್ಯವಾಯಿತು. ಸುತ್ತಲಿನ ಊರುಗಳ ಸ್ಥಿತಿಯೂ ಹೆಚ್ಚು ಭಿನ್ನವಾಗಿಲ್ಲ. ಬಾದಾಮಿಯ ರೈಲು ನಿಲ್ದಾಣವು ಊರಿನಿಂದ ಸುಮಾರು 5 ಕಿಲೋಮೀಟರು ದೂರದಲ್ಲಿದೆ. ಹುನಗುಂದದಿಂದ ಇಳಕಲ್ಲಿಗೆ ಹನ್ನೆರಡು ಹದಿಮೂರು ಕಿಲೋಮೀಟರುಗಳ ದಾರಿ. ಓದು, ಉದ್ಯೋಗ, ವ್ಯಾಪಾರಗಳಿಗಾಗಿ ಈ ದಾರಿಗಳಲ್ಲಿ ದಿನವೂ ಓಡಾಡುವವರು ಬಹಳ ಮಂದಿ.

ಇಂತಹ ನಿತ್ಯಸಂಚಾರಕ್ಕೆ ಪೆಟ್ರೋಲಿನ ಬದಲು ವಿದ್ಯುತ್ತಿನಿಂದ ಓಡುವ ಸ್ಕೂಟರುಗಳು ಈಗ ಬಳಕೆಗೆ ಬಂದಿವೆ. ಅವು ಹೊಗೆ ಉಗುಳುವುದಿಲ್ಲ, ಸದ್ದು ಕಡಿಮೆ, ಓಡಿಸುವ ಖರ್ಚೂ ಅಲ್ಪ. ಆದರೆ ಕೊಳ್ಳುವಾಗ ಕೊಡಬೇಕಾದ ಹಣ ಅಲ್ಪವಲ್ಲ. ಮಗ್ಗದ ದುಡಿಮೆಯಿಂದಲೋ ಸಣ್ಣ ವ್ಯಾಪಾರದಿಂದಲೋ ಬದುಕುವ ಮನೆಯೊಂದಕ್ಕೆ ಸ್ಕೂಟರು ಎಂದರೆ ಹಲವು ವರ್ಷಗಳ ಉಳಿತಾಯ, ಇಲ್ಲವೆ ಹಲವು ವರ್ಷಗಳ ಸಾಲದ ಕಂತು. ಬಣ್ಣವನ್ನೂ ಜಾಹೀರಾತನ್ನೂ ನಂಬಿ ಕೊಂಡ ವಾಹನವು ಎರಡು ವರ್ಷದಲ್ಲಿ ಮೂಲೆ ಸೇರಿದರೆ ಆ ನಷ್ಟವನ್ನು ಇಡೀ ಸಂಸಾರವೇ ಹೊರಬೇಕಾಗುತ್ತದೆ. ಆದುದರಿಂದ ಹಗುರವಾದ, ನಂಬಿಕೆಗೆ ಅರ್ಹವಾದ ಸ್ಕೂಟರನ್ನು ಆರಿಸುವ ಬಗೆಯನ್ನು ತಿಳಿದುಕೊಳ್ಳುವುದು ಅವಶ್ಯಕವಾಗಿದೆ.

ವಿದ್ಯುತ್ ವಾಹನ ಕರ್ನಾಟಕಕ್ಕೆ ತೀರ ಹೊಸದೇನೂ ಅಲ್ಲ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿಯೇ ಬೆಂಗಳೂರಿನಲ್ಲಿ ಬಂದಿತ್ತು. 2017ರಲ್ಲಿ ಕರ್ನಾಟಕವು ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಮರುವರ್ಷ ಬೆಂಗಳೂರಿನ ಏಥರ್ ಸಂಸ್ಥೆಯು ತನ್ನ ಮೊದಲ ಸ್ಕೂಟರನ್ನು ಮಾರುಕಟ್ಟೆಗೆ ತಂದಿತು. ಈ ಬೆಳವಣಿಗೆಗೆ ಮುಖ್ಯ ಕಾರಣವಾದುದು ಲಿಥಿಯಂ ಅಯಾನು ಬ್ಯಾಟರಿ. ಅದನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಬ್ಯಾಟರಿಗೂ ಸ್ಕೂಟರಿನ ಭಾರಕ್ಕೂ ಹತ್ತಿರದ ಸಂಬಂಧವಿದೆ. ಹಳೆಯ ಬಗೆಯ ಬ್ಯಾಟರಿಯಲ್ಲಿ ಸೀಸದ ಫಲಕಗಳೂ ಗಂಧಕಾಮ್ಲವೂ ಇರುತ್ತವೆ. ಅದರ ಪ್ರತಿ ಕಿಲೋಗ್ರಾಂ ತೂಕದಲ್ಲಿ ಸುಮಾರು 30ರಿಂದ 40 ವ್ಯಾಟ್-ಗಂಟೆಗಳಷ್ಟು ಶಕ್ತಿಯನ್ನು ಮಾತ್ರ ಕೂಡಿಡಬಹುದು. ಲಿಥಿಯಂ ಬ್ಯಾಟರಿಯಲ್ಲಿ ಇದರ ಮೂರು ನಾಲ್ಕು ಪಟ್ಟು ಶಕ್ತಿ ಹಿಡಿಯುತ್ತದೆ. 1,800 ವ್ಯಾಟ್-ಗಂಟೆಗಳ ಶಕ್ತಿ ಬೇಕಾದರೆ ಸೀಸದ ಬ್ಯಾಟರಿಯು ಸುಮಾರು 50 ಕಿಲೋಗ್ರಾಂ ತೂಗುತ್ತದೆ. ಲಿಥಿಯಂ ಬ್ಯಾಟರಿಯಾದರೆ 15 ಕಿಲೋಗ್ರಾಂ ಆಸುಪಾಸಿನಲ್ಲಿ ಮುಗಿಯುತ್ತದೆ. ಉಳಿದ 35 ಕಿಲೋಗ್ರಾಂ ಎಂದರೆ ಚಿಕ್ಕ ಬಾಲಕನೊಬ್ಬನ ತೂಕ. ಸೀಸದ ಬ್ಯಾಟರಿಯ ಸ್ಕೂಟರು ಆ ಬಾಲಕನನ್ನು ಹಗಲೂ ಇರುಳೂ ಹೊತ್ತು ತಿರುಗುತ್ತದೆ ಎಂದು ಹೇಳಬಹುದು. ಭಾರ ಹೆಚ್ಚಿದಷ್ಟೂ ಓಟಕ್ಕೆ ಹೆಚ್ಚು ಶಕ್ತಿ ಬೇಕು. ತಡೆದು ನಿಲ್ಲಿಸಲು ಹೆಚ್ಚು ದೂರ ಬೇಕು. ಓಣಿಯಲ್ಲಿ ತಿರುಗಿಸಲು, ಹೊಸ್ತಿಲು ದಾಟಿಸಲು ಹೆಚ್ಚು ತೋಳ್ಬಲ ಬೇಕು. ಬಾದಾಮಿಯ ಹಳೆಯ ಭಾಗದ ಇಕ್ಕಟ್ಟಾದ ಓಣಿಗಳಲ್ಲಿ ವಯಸ್ಸಾದವರೂ ಸ್ತ್ರೀಯರೂ ಹಗುರವಾದ ಸ್ಕೂಟರನ್ನು ಮೆಚ್ಚುವುದಕ್ಕೆ ಇದೇ ಕಾರಣ.

ಹಾಗೆಂದು ಅತಿ ಹಗುರವಾದುದೇ ಅತ್ಯುತ್ತಮವೆಂದು ತಿಳಿಯಬಾರದು. ಹಗುರ ವಾಹನಗಳಲ್ಲಿ ಒಂದು ವರ್ಗಕ್ಕೆ ನೋಂದಣಿಯೂ ಚಾಲನಾ ಪರವಾನಗಿಯೂ ಬೇಕಿಲ್ಲ. ಅದರ ಮೋಟಾರಿನ ಸಾಮರ್ಥ್ಯ 250 ವ್ಯಾಟಿಗಿಂತಲೂ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆ ಇರಬೇಕು. ಬ್ಯಾಟರಿಯನ್ನು ಬಿಟ್ಟು ಅದರ ತೂಕ 60 ಕಿಲೋಗ್ರಾಂ ಮೀರಬಾರದು ಎಂದು ನಿಯಮವಿದೆ. ಸಮತಟ್ಟಾದ ನೆಲದಲ್ಲಿ ಹತ್ತಿರದ ಓಡಾಟಕ್ಕೆ ಇದು ಸಾಕು. ಏರಿನಲ್ಲಿ ಏನಾಗುತ್ತದೆಂಬುದನ್ನು ಲೆಕ್ಕದಿಂದಲೇ ಕಾಣಬಹುದು. ಸ್ಕೂಟರು ಮತ್ತು ಸವಾರನ ಒಟ್ಟು ತೂಕ 150 ಕಿಲೋಗ್ರಾಂ ಆಗಿರಲಿ. ಹತ್ತು ಮೀಟರು ಸಾಗಿದರೆ ಒಂದು ಮೀಟರು ಎತ್ತರವಾಗುವ ಏರನ್ನು ಅದು ಸೆಕೆಂಡಿಗೆ ಎರಡೂವರೆ ಮೀಟರಿನಂತೆ, ಎಂದರೆ ಗಂಟೆಗೆ ಕೇವಲ 9 ಕಿಲೋಮೀಟರು ವೇಗದಲ್ಲಿ ಹತ್ತುತ್ತಿರಲಿ. ಆಗ ಪ್ರತಿ ಸೆಕೆಂಡಿಗೆ ಕಾಲು ಮೀಟರು ಮೇಲೇರಬೇಕು. 150 × 9.8 × 0.25 ಎಂದು ಗುಣಿಸಿದರೆ ಸುಮಾರು 370 ವ್ಯಾಟ್ ಆಯಿತು. ಮೋಟಾರು ನಿರಂತರವಾಗಿ ಕೊಡಬಲ್ಲದ್ದು 250 ವ್ಯಾಟಿಗೂ ಕಡಿಮೆ. ಕ್ಷಣಕಾಲ ಅದು ಹೆಚ್ಚು ದುಡಿದೀತು. ಆದರೆ ಏರು ಉದ್ದವಾಗಿದ್ದರೆ ಬಿಸಿಯಾಗುತ್ತದೆ, ಮಂದವಾಗುತ್ತದೆ. ಇಂತಹ ಸ್ಕೂಟರಿನ ವೇಗವನ್ನು ಗುಟ್ಟಾಗಿ ಹೆಚ್ಚಿಸಿಕೊಡುವ ಮಾರಾಟಗಾರರೂ ಉಂಟು. ಹಾಗೆ ಮಾಡಿದೊಡನೆ ನಿಯಮದ ರಿಯಾಯಿತಿ ತಪ್ಪಿಹೋಗುತ್ತದೆ. ಅಪಘಾತವಾದರೆ ಹೊಣೆಯೆಲ್ಲ ಸವಾರನ ಮೇಲೆ ಬೀಳುತ್ತದೆ. ಹುನಗುಂದ ಮತ್ತು ಇಳಕಲ್ಲುಗಳ ನಡುವಿನ ರಾಷ್ಟ್ರೀಯ ಹೆದ್ದಾರಿಯಲ್ಲಿ ಭಾರವಾದ ಲಾರಿಗಳು ಸಂಚರಿಸುತ್ತವೆ. ಅಲ್ಲಿ 25 ಕಿಲೋಮೀಟರು ವೇಗದ ಅತಿ ಹಗುರ ವಾಹನವು ಅಪಾಯಕ್ಕೆ ಎಡೆ ಕೊಡುತ್ತದೆ. ಅಂತಹ ದಾರಿಗೆ ನೋಂದಣಿಯಾದ, 90ರಿಂದ 110 ಕಿಲೋಗ್ರಾಂ ತೂಕದ, ಸಾಕಷ್ಟು ಬಲವುಳ್ಳ ಸ್ಕೂಟರೇ ತಕ್ಕದ್ದು.

ಕೊಳ್ಳುವವರು ಮೊಟ್ಟಮೊದಲು ಕೇಳುವ ಪ್ರಶ್ನೆ, ಒಮ್ಮೆ ಚಾರ್ಜು ಮಾಡಿದರೆ ಎಷ್ಟು ದೂರ ಓಡುತ್ತದೆ ಎಂಬುದು. ಜಾಹೀರಾತಿನಲ್ಲಿ ಕಾಣುವ ದೂರವು ಗೊತ್ತುಪಡಿಸಿದ ಪರೀಕ್ಷೆಯಲ್ಲಿ ದೊರೆತದ್ದು. ನಿಜವಾದ ರಸ್ತೆಯಲ್ಲಿ ಹಿಂಬದಿ ಸವಾರ, ಸಾಮಾನು, ಎದುರುಗಾಳಿ, ವೇಗ ಇವುಗಳಿಂದ ಅದು ತಗ್ಗುತ್ತದೆ. ಆದುದರಿಂದ ಬ್ಯಾಟರಿಯ ಶಕ್ತಿಯನ್ನು ತಾನೇ ಲೆಕ್ಕಹಾಕುವುದು ಲೇಸು. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವ್ಯಾಟ್-ಗಂಟೆ ದೊರೆಯುತ್ತದೆ. 60 ವೋಲ್ಟ್, 30 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆಗಳ ಶಕ್ತಿಯಿದೆ. ಸ್ಕೂಟರೊಂದು ಒಂದು ಕಿಲೋಮೀಟರು ಓಡಲು ಸಾಮಾನ್ಯವಾಗಿ 25ರಿಂದ 35 ವ್ಯಾಟ್-ಗಂಟೆ ವ್ಯಯಿಸುತ್ತದೆ. 30 ಎಂದು ಹಿಡಿದರೆ 60 ಕಿಲೋಮೀಟರು ಆಯಿತು. ಬ್ಯಾಟರಿಯನ್ನು ಬರಿದಾಗುವವರೆಗೂ ಓಡಿಸಬಾರದು. ಐದರಲ್ಲಿ ಒಂದು ಪಾಲನ್ನು ಉಳಿಸಿದರೆ ನಂಬಬಹುದಾದ ದೂರ 48 ಕಿಲೋಮೀಟರು. ವರ್ಷಗಳು ಕಳೆದಂತೆ ಬ್ಯಾಟರಿಯ ಶಕ್ತಿ ಕುಂದುತ್ತದೆ. ಅದು ನೂರಕ್ಕೆ ಎಪ್ಪತ್ತರಷ್ಟಾದಾಗ ಈ ದೂರ 34 ಕಿಲೋಮೀಟರಿಗೆ ಇಳಿಯುತ್ತದೆ.

ಈಗ ಇದನ್ನು ದಾರಿಗೆ ಹೊಂದಿಸಿ ನೋಡಬೇಕು. ಹುನಗುಂದದಿಂದ ಇಳಕಲ್ಲಿಗೆ ಹೋಗಿಬರಲು ಸುಮಾರು 26 ಕಿಲೋಮೀಟರು. ಈ ಬ್ಯಾಟರಿ ಹಳೆಯದಾದ ಮೇಲೂ ಆ ದಾರಿಗೆ ಸಾಲುತ್ತದೆ. ಅದಕ್ಕೆ ತಗಲುವ ವಿದ್ಯುತ್ತು ಚಾರ್ಜಿನ ವೇಳೆಯ ನಷ್ಟವೂ ಸೇರಿ ಒಂದು ಯೂನಿಟ್ಟಿನಷ್ಟು. ಪೆಟ್ರೋಲಿನ ಸ್ಕೂಟರಾದರೆ ಅದೇ ದಾರಿಗೆ ಅರ್ಧ ಲೀಟರಿಗೂ ಹೆಚ್ಚು ಇಂಧನ ಬೇಕು. ಬಾದಾಮಿಯಿಂದ ರೈಲು ನಿಲ್ದಾಣಕ್ಕೆ ಮಾತ್ರ ಹೋಗಿಬರುವವರಿಗೆ ಇದಕ್ಕಿಂತ ಚಿಕ್ಕ ಬ್ಯಾಟರಿಯೇ ಸಾಕು. ಆದರೆ ಬಾದಾಮಿಯಿಂದ ಬಾಗಲಕೋಟೆಗೆ ಸುಮಾರು 40 ಕಿಲೋಮೀಟರು, ಹೋಗಿಬಂದರೆ 80. ನಡುವೆ ಚಾರ್ಜು ಮಾಡುವ ಅನುಕೂಲವಿಲ್ಲದಿದ್ದರೆ ಈ ಸ್ಕೂಟರು ಮರಳುವ ದಾರಿಯಲ್ಲಿ ನಿಂತೇಬಿಡುತ್ತದೆ. ಬ್ಯಾಟರಿಯನ್ನು ಇಮ್ಮಡಿ ಮಾಡಿದರೆ ಆ ದೂರ ಸಾಗೀತು. ಆದರೆ ಭಾರವೂ ಬೆಲೆಯೂ ಏರುತ್ತವೆ. ಅಷ್ಟು ದೂರದ ನಿತ್ಯಸಂಚಾರಕ್ಕೆ ಬಸ್ಸು ಅಥವಾ ರೈಲೇ ಮೇಲು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಎರಡು ಕಡೆಗೂ ಸಲ್ಲುತ್ತದೆ. ಸಾಲದ ಬ್ಯಾಟರಿ ಎಷ್ಟು ತಪ್ಪೋ ಬೇಡದ ಬ್ಯಾಟರಿಯೂ ಅಷ್ಟೇ ತಪ್ಪು.

ಸ್ಕೂಟರನ್ನು ನಂಬುವುದೆಂದರೆ ಮುಖ್ಯವಾಗಿ ಅದರ ಬ್ಯಾಟರಿಯನ್ನು ನಂಬುವುದು. ಸ್ಕೂಟರಿನ ಬೆಲೆಯಲ್ಲಿ ದೊಡ್ಡ ಪಾಲು ಅದರದೇ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹೊತ್ತಿದ ಘಟನೆಗಳು ನಡೆದವು, ಪ್ರಾಣಹಾನಿಯೂ ಆಯಿತು. ಕೇಂದ್ರ ಸರ್ಕಾರವು ತಜ್ಞರ ಸಮಿತಿಯಿಂದ ವಿಚಾರಣೆ ಮಾಡಿಸಿ ಬ್ಯಾಟರಿಗಳ ಸುರಕ್ಷತೆಯ ನಿಯಮಗಳನ್ನು ಬಿಗಿಗೊಳಿಸಿತು. ಎಐಎಸ್ 156 ಎಂಬ ಈ ಮಾನದಂಡದ ಹೊಸ ವಿಧಿಗಳು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ತಿಂಗಳುಗಳಲ್ಲಿ ಎರಡು ಹಂತಗಳಾಗಿ ಜಾರಿಗೆ ಬಂದವು. ಕೊಳ್ಳುವ ಸ್ಕೂಟರಿನ ಬ್ಯಾಟರಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೇ ಎಂದು ಕೇಳಿ ತಿಳಿಯಬೇಕು. ಭರವಸೆಯ ಪತ್ರದಲ್ಲಿ ಬರೆದಿರುವ ವರ್ಷಗಳನ್ನಷ್ಟೇ ನೋಡದೆ, ಶಕ್ತಿ ಎಷ್ಟು ಕುಂದಿದರೆ ಬ್ಯಾಟರಿಯನ್ನು ಬದಲಿಸಿ ಕೊಡುವರೆಂಬುದನ್ನೂ ಓದಬೇಕು.

ಬ್ಯಾಟರಿಯ ದೊಡ್ಡ ಶತ್ರು ಬಿಸಿಲು. ಬಾಗಲಕೋಟೆ ಜಿಲ್ಲೆಯ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಲಿಥಿಯಂ ಬ್ಯಾಟರಿಗಳಲ್ಲಿಯೂ ಬಗೆಗಳಿವೆ. ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟುಗಳ ಮಿಶ್ರಣವುಳ್ಳದ್ದು ಹೆಚ್ಚು ಹಗುರ. ಕಬ್ಬಿಣ ಮತ್ತು ಫಾಸ್ಫೇಟಿನಿಂದಾದದ್ದು ಸ್ವಲ್ಪ ಭಾರ; ಆದರೆ ಅದು ಬಿಸಿಯನ್ನು ಹೆಚ್ಚು ತಾಳುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಬಿಸಿಲುನಾಡಿನಲ್ಲಿ ಎರಡು ಮೂರು ಕಿಲೋಗ್ರಾಂ ಭಾರ ಹೆಚ್ಚಾದರೂ ಎರಡನೆಯದನ್ನು ಆರಿಸುವುದರಲ್ಲಿ ವಿವೇಕವಿದೆ. ಸ್ಕೂಟರನ್ನು ನೆರಳಿನಲ್ಲಿ ನಿಲ್ಲಿಸುವುದು, ಬಿಸಿಲಿನಲ್ಲಿ ಓಡಿ ಬಂದೊಡನೆ ಚಾರ್ಜಿಗೆ ಹಚ್ಚದೆ ಅರ್ಧ ಗಂಟೆ ಆರಲು ಬಿಡುವುದು, ತಯಾರಕರು ಕೊಟ್ಟ ಚಾರ್ಜರನ್ನೇ ಬಳಸುವುದು, ಇವು ಖರ್ಚಿಲ್ಲದ ರಕ್ಷಣೆಗಳು. ಮನೆಯ ವಿದ್ಯುತ್ ಜೋಡಣೆಗೆ ಸರಿಯಾದ ಭೂಸಂಪರ್ಕವಿರಬೇಕಾದುದೂ ಅಷ್ಟೇ ಮುಖ್ಯ. ಮಹಡಿಯ ಮೇಲೆ ವಾಸಿಸುವವರಿಗೆ ಬಿಚ್ಚಿ ಒಯ್ಯಬಹುದಾದ ಬ್ಯಾಟರಿ ಅನುಕೂಲ. ಆದರೆ ಅದನ್ನು ಮಲಗುವ ಕೋಣೆಯಲ್ಲಾಗಲಿ ಬಾಗಿಲ ದಾರಿಯಲ್ಲಾಗಲಿ ಇಟ್ಟು ಚಾರ್ಜು ಮಾಡಬಾರದು.

ಇನ್ನು ಉಳಿದ ಅಂಗಗಳನ್ನೂ ಪರೀಕ್ಷಿಸಬೇಕು. ಗಾಲಿ ತೀರ ಚಿಕ್ಕದಾಗಿದ್ದರೆ ರಸ್ತೆಯ ಗುಂಡಿಗಳಲ್ಲಿ ವಾಹನವು ಮುಗ್ಗರಿಸುತ್ತದೆ. ಬ್ರೇಕುಗಳನ್ನು ಒಬ್ಬರೇ ಕುಳಿತಾಗಲೂ, ಇಬ್ಬರು ಕುಳಿತಾಗಲೂ ಹಿಡಿದು ನೋಡಬೇಕು. ಮಳೆಯ ನೀರು ಮೋಟಾರನ್ನೂ ಬ್ಯಾಟರಿಯನ್ನೂ ಹೊಗದಂತೆ ಭದ್ರತೆ ಇದೆಯೇ ಎಂದು ವಿಚಾರಿಸಬೇಕು. ಎಲ್ಲಕ್ಕೂ ಮಿಗಿಲಾಗಿ ದುರಸ್ತಿಯ ಕೇಂದ್ರವು ಎಷ್ಟು ದೂರದಲ್ಲಿದೆ ಎಂಬುದು ಮುಖ್ಯ. ಪೆಟ್ರೋಲಿನ ವಾಹನ ಕೆಟ್ಟರೆ ಊರಿನ ಯಾವ ಮೆಕ್ಯಾನಿಕ್ಕಾದರೂ ಕೈಹಾಕಬಲ್ಲ. ವಿದ್ಯುತ್ ಸ್ಕೂಟರಿನ ನಿಯಂತ್ರಕವೋ ಬ್ಯಾಟರಿಯೋ ಕೆಟ್ಟರೆ ಬಹುಮಟ್ಟಿಗೆ ತಯಾರಕರ ಕೇಂದ್ರವೇ ಗತಿ. ಇಳಕಲ್ಲಿನಲ್ಲಿ ಕೊಂಡ ಸ್ಕೂಟರನ್ನು ದುರಸ್ತಿಗೆಂದು ಹುಬ್ಬಳ್ಳಿಗೆ ಸಾಗಿಸಬೇಕಾದರೆ ಪೆಟ್ರೋಲಿನಲ್ಲಿ ಉಳಿಸಿದ ಹಣ ಬಾಡಿಗೆಯಲ್ಲಿ ಹೋಗುತ್ತದೆ. ಅದೇ ಸ್ಕೂಟರನ್ನು ಮೂರು ವರ್ಷಗಳಿಂದ ಓಡಿಸುತ್ತಿರುವ ಊರಿನವರೊಬ್ಬರನ್ನು ಕೇಳಿದರೆ ಹತ್ತು ಜಾಹೀರಾತುಗಳು ತಿಳಿಸದ ಸಂಗತಿ ತಿಳಿಯುತ್ತದೆ.

ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಚಾಲನಾ ಪರವಾನಗಿ ಪಡೆಯುವ ವಯಸ್ಸು ಸಾಮಾನ್ಯವಾಗಿ ಆಗಿರುವುದಿಲ್ಲ. ಆದರೆ ಮನೆಯ ಲೆಕ್ಕವನ್ನು ಮಾಡಿಕೊಡುವುದಕ್ಕೆ ಪರವಾನಗಿ ಬೇಕಿಲ್ಲ. ದಿನಕ್ಕೆ ಎಷ್ಟು ದೂರ, ಎಷ್ಟು ಭಾರ, ಎಂತಹ ದಾರಿ, ಎಲ್ಲಿ ದುರಸ್ತಿ, ಈ ನಾಲ್ಕು ಪ್ರಶ್ನೆಗಳಿಗೆ ಹಾಳೆಯೊಂದರಲ್ಲಿ ಉತ್ತರ ಬರೆದುಕೊಂಡು ಅಂಗಡಿಗೆ ಹೋದವರನ್ನು ಮಾತಿನಿಂದ ಮರುಳುಗೊಳಿಸುವುದು ಸುಲಭವಲ್ಲ. ಇಳಕಲ್ಲಿನ ನೇಕಾರನು ಸೀರೆಯ ಉದ್ದವನ್ನು ಮೊದಲೇ ನಿಶ್ಚಯಿಸಿ, ಅದಕ್ಕೆ ತಕ್ಕಂತೆ ಹಾಸನ್ನು ಅಳೆದು ಮಗ್ಗಕ್ಕೆ ಏರಿಸುತ್ತಾನೆ. ನೇಯಲು ತೊಡಗಿದ ಮೇಲೆ ಅಳೆಯುವುದಿಲ್ಲ. ವಾಹನವನ್ನು ಕೊಳ್ಳುವವರಿಗೂ ಅದೇ ಕ್ರಮ ಹಿತಕರವಾದುದು.