ಅಜ್ಜಿಯರನ್ನು ಕೇಳಿ ಕಲಿತ ಸಂಶೋಧನೆ

ಮನೆಯಲ್ಲಿರುವ ಅಜ್ಜಿಯನ್ನು "ಆರೋಗ್ಯ ಹೇಗಿದೆ?" ಎಂದು ಕೇಳಿ ನೋಡಿ. "ನನಗೇನಾಗಿದೆ, ಚೆನ್ನಾಗಿದ್ದೇನೆ" ಎನ್ನುತ್ತಾರೆ. ಮಂಡಿ ಹಿಡಿದುಕೊಂಡು ಏಳುವುದನ್ನು ಕಂಡು ಮತ್ತೆ ಕೇಳಿದರೆ, "ವಯಸ್ಸಾಯಿತಲ್ಲ" ಎಂದು ಮಾತು ಮುಗಿಸುತ್ತಾರೆ. ದಾದಿ, ನಾನಿ, ಅಜ್ಜಿ, ಹೆಸರು ಯಾವುದಾದರೂ ಉತ್ತರ ಒಂದೇ. ಆದರೆ ಆ ತೊಂದರೆಗಳೆಲ್ಲ ನಿಜವಾಗಿಯೂ ವಯಸ್ಸಿನಿಂದಲೇ ಬಂದವೇ? ಅವುಗಳಿಗೆ ಪರಿಹಾರವಿಲ್ಲವೇ?

ಇದನ್ನು ತಿಳಿಯಲು ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಮತ್ತು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯಗಳು 1996ರಲ್ಲಿ ದೊಡ್ಡ ಅಧ್ಯಯನವೊಂದನ್ನು ಆರಂಭಿಸಿದವು. ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಪಟ್ಟಿಯಿಂದ ಯಾದೃಚ್ಛಿಕವಾಗಿ ಆರಿಸಿದ ಮೂರು ವಯೋಮಾನದ 40,000ಕ್ಕೂ ಹೆಚ್ಚು ಮಹಿಳೆಯರು ಇದರಲ್ಲಿ ಸೇರಿದರು. ಅತ್ಯಂತ ಹಿರಿಯ ಗುಂಪಿನಲ್ಲಿ 1921ರಿಂದ 1926ರ ನಡುವೆ ಹುಟ್ಟಿದ 12,432 ಮಂದಿ ಇದ್ದರು. ಹಳ್ಳಿಗಾಡಿನ ಮಹಿಳೆಯರನ್ನು ಅವರ ಪ್ರಮಾಣಕ್ಕಿಂತ ಹೆಚ್ಚಾಗಿಯೇ ಆರಿಸಲಾಯಿತು. ಇಲ್ಲದಿದ್ದರೆ ನಗರದವರ ದೊಡ್ಡ ಸಂಖ್ಯೆಯಲ್ಲಿ ಅವರ ದನಿ ಕೇಳಿಸುತ್ತಲೇ ಇರಲಿಲ್ಲ.

ಪ್ರಶ್ನಾವಳಿ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಕೆಲವು ವರ್ಷಗಳ ಬಳಿಕ ಅದೇ ಮಹಿಳೆಯರಿಗೆ ಮತ್ತೆ ಪ್ರಶ್ನೆಗಳು. 2011ರಿಂದ ಹಿರಿಯ ಗುಂಪಿಗೆ ಆರು ತಿಂಗಳಿಗೊಮ್ಮೆ ಸಣ್ಣ ಪ್ರಶ್ನಾವಳಿ ಕಳುಹಿಸಲಾಯಿತು. ಇಳಿವಯಸ್ಸಿನಲ್ಲಿ ಬದಲಾವಣೆ ಬೇಗ ಆಗುತ್ತದೆ ಎಂಬುದೇ ಇದಕ್ಕೆ ಕಾರಣ.

ಒಂದೇ ಸಲ ಕೇಳಿದರೆ ಸಾಲದೇ? ಸಾಲದು. ನಿತ್ಯ ನಡೆಯುವ ವೃದ್ಧೆಯರು ಹೆಚ್ಚು ಆರೋಗ್ಯವಂತರು ಎಂದು ಒಂದು ಸಮೀಕ್ಷೆ ಹೇಳಿತೆನ್ನಿ. ನಡೆದದ್ದರಿಂದ ಆರೋಗ್ಯ ಬಂತೋ, ಆರೋಗ್ಯವಿದ್ದುದರಿಂದ ನಡೆಯಲು ಸಾಧ್ಯವಾಯಿತೋ? ಅದೇ ವ್ಯಕ್ತಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರೆ ಮಾತ್ರ ಯಾವುದು ಮೊದಲು, ಯಾವುದು ನಂತರ ಎಂದು ಕಾಣುತ್ತದೆ. ಈ ವಿಧಾನಕ್ಕೂ ಒಂದು ತೊಡಕಿದೆ. ತೀರಾ ಅಸ್ವಸ್ಥರಾದವರು ಉತ್ತರಿಸುವುದನ್ನು ನಿಲ್ಲಿಸುತ್ತಾರೆ. ಉಳಿದವರ ಉತ್ತರಗಳನ್ನಷ್ಟೇ ನೋಡಿದರೆ ಎಲ್ಲರೂ ಆರೋಗ್ಯವಾಗಿರುವಂತೆ ತೋರುತ್ತದೆ. ಸಂಶೋಧಕರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಯಾರೂ ಬಾಯಿಬಿಟ್ಟು ಹೇಳದ ವಿಷಯಗಳೂ ಇಲ್ಲಿ ಹೊರಬಂದವು. ಮೊದಲ ಸಮೀಕ್ಷೆಯಲ್ಲಿ 70 ದಾಟಿದ ಮಹಿಳೆಯರಲ್ಲಿ ಸುಮಾರು ಮೂವರಲ್ಲಿ ಒಬ್ಬರು ತಮಗೆ ಮೂತ್ರ ಸೋರಿಕೆಯ ತೊಂದರೆ ಇದೆ ಎಂದರು. ನಾಚಿಕೆಯಿಂದ ಮುಚ್ಚಿಡುವ ಈ ತೊಂದರೆ ವ್ಯಾಯಾಮ ಮತ್ತು ಚಿಕಿತ್ಸೆಯಿಂದ ಎಷ್ಟೋ ಜನರಲ್ಲಿ ಕಡಿಮೆಯಾಗುತ್ತದೆ. ಮದುವೆಗೋ ಪ್ರವಾಸಕ್ಕೋ ಕರೆದರೆ "ನೀವು ಹೋಗಿ ಬನ್ನಿ, ನಾನು ಮನೆಯಲ್ಲೇ ಇರುತ್ತೇನೆ" ಎನ್ನುವ ಅಜ್ಜಿಯ ಮಾತಿನ ಹಿಂದೆ ಇಂಥ ಕಾರಣವೂ ಇರಬಹುದು. ನಾವು ಅದನ್ನು ನಿರಾಸಕ್ತಿ ಎಂದು ತಿಳಿದು ಹೊರಟುಬಿಡುತ್ತೇವೆ.

ಪ್ರಶ್ನಾವಳಿಯ ಕೊನೆಯಲ್ಲಿ ಮತ್ತೇನಾದರೂ ಹೇಳುವುದಿದೆಯೇ ಎಂದು ಕೇಳಿ ಖಾಲಿ ಜಾಗ ಬಿಡಲಾಗುತ್ತಿತ್ತು. ಅಂಕಿಗಳಲ್ಲಿ ಹಿಡಿಯಲಾಗದ ಬದುಕನ್ನು ಮಹಿಳೆಯರು ಅಲ್ಲಿ ತಮ್ಮದೇ ಮಾತುಗಳಲ್ಲಿ ಬರೆದರು. ಸಂಶೋಧಕರು ಆ ಬರಹಗಳನ್ನೂ ಅಧ್ಯಯನ ಮಾಡಿದರು. ಈ ಸಂಶೋಧನೆಯ ಫಲಿತಾಂಶಗಳು 2010ರಲ್ಲಿ ಆ ದೇಶದ ಮಹಿಳಾ ಆರೋಗ್ಯ ನೀತಿಗೆ ಆಧಾರವಾದವು.

ನಮ್ಮಲ್ಲೂ ಇಂಥ ಕೆಲಸ ನಡೆದಿದೆ. 2017-18ರಲ್ಲಿ ಮುಂಬೈಯ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ 45 ವರ್ಷ ಮೀರಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಭಾರತೀಯರ ಸಮೀಕ್ಷೆಯ ಮೊದಲ ಸುತ್ತು ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ವಯಸ್ಸಾದಂತೆ ನೆನಪಿನ ಶಕ್ತಿ ಹೇಗೆ ಬದಲಾಗುತ್ತದೆ ಎಂದು ವರ್ಷ ವರ್ಷವೂ ಅದೇ ಜನರನ್ನು ಪರೀಕ್ಷಿಸುತ್ತಿದೆ.

ವಿದ್ಯಾರ್ಥಿ ಮಿತ್ರರೇ, ನಾವು ಸಂಶೋಧಕರಲ್ಲ. ಆದರೆ ಸರಿಯಾಗಿ ಕೇಳುವುದನ್ನು ಅವರಿಂದ ಕಲಿಯಬಹುದು. "ಹೇಗಿದ್ದೀರಿ?" ಎಂದರೆ "ಚೆನ್ನಾಗಿದ್ದೇನೆ" ಎಂಬ ಉತ್ತರವೇ ಬರುತ್ತದೆ. ಬದಲಿಗೆ, "ಈ ತಿಂಗಳು ಎಲ್ಲಾದರೂ ಜಾರಿ ಬಿದ್ದಿರಾ? ರಾತ್ರಿ ಎಷ್ಟು ಸಲ ಎದ್ದಿರಿ? ಮಾತ್ರೆಯ ಚೀಟಿ ಓದಲು ಕಾಣಿಸುತ್ತದೆಯೇ?" ಎಂದು ಒಂದೊಂದಾಗಿ ಕೇಳಿ. ಅವಸರ ಮಾಡಬೇಡಿ. ಅವರು ಹೇಳಿದ್ದನ್ನು ಅಮ್ಮನಿಗೋ ವೈದ್ಯರಿಗೋ ತಿಳಿಸಿ. ಮುಂದಿನ ತಿಂಗಳು ಮತ್ತೆ ಕೇಳಿ.