ಬಿಡುಗಡೆ ಪತ್ರ ಸಿಕ್ಕ ಮೇಲೆ ಶುರುವಾದ ಕೆಲಸ

ಜಿಗಣಿ ಕೈಗಾರಿಕಾ ಪ್ರದೇಶ ದಾಟಿದ ಮೇಲೆ ಸಿಗುವ ಹಳ್ಳಿಯೊಂದರಲ್ಲಿ, ಐವತ್ತರ ಆಸುಪಾಸಿನ ವ್ಯಕ್ತಿಯೊಬ್ಬರು ಕಬ್ಬಿಣದ ಟ್ರಂಕಿನಿಂದ ಒಂದು ಕಾಗದ ತೆಗೆದು ತೋರಿಸುತ್ತಾರೆ. ಮಡಿಕೆಗಳಲ್ಲಿ ಹರಿಯತೊಡಗಿದ್ದನ್ನು ಲ್ಯಾಮಿನೇಟ್ ಮಾಡಿಸಿದ್ದಾರೆ. ನೆತ್ತಿಯಲ್ಲಿ ರಾಜ್ಯ ಲಾಂಛನದ ಗಂಡಭೇರುಂಡ. ಅದರ ಕೆಳಗೆ ಅವರ ಹೆಸರು, ಅಪ್ಪನ ಹೆಸರು, ದುಡಿದ ಮನೆಯ ಯಜಮಾನನ ಹೆಸರು. ಕೊನೆಯಲ್ಲಿ ಉಪವಿಭಾಗಾಧಿಕಾರಿಯ ಸಹಿ, ಮೊಹರು. ಜೀತದಿಂದ ಬಿಡುಗಡೆಯಾದುದಕ್ಕೆ ಸರ್ಕಾರ ಕೊಟ್ಟ ಪ್ರಮಾಣಪತ್ರ ಅದು.

ಅಕ್ಕನ ಮದುವೆಗೆ ಅಪ್ಪ ಪಡೆದ ಮುಂಗಡಕ್ಕೆ ಬದಲಾಗಿ ದನ ಕಾಯಲು ಸೇರಿದ ಹುಡುಗ, ಮೀಸೆ ಬರುವವರೆಗೂ ಅದೇ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿದವರು. ಹೆಸರು ಬರೆಯುವುದು ಬೇಡ ಎನ್ನುತ್ತಾರೆ. ಹಳೆಯ ಯಜಮಾನರ ಮನೆ ಇವತ್ತಿಗೂ ಅದೇ ಊರಿನಲ್ಲಿದೆ.

ಪತ್ರ ಕೈಗೆ ಬಂದ ಮೇಲೆ ಅವರು ತಮ್ಮ ಪಾಡಿಗೆ ತಾವು ಕೂಲಿ ಮಾಡಿಕೊಂಡು ಇರಬಹುದಿತ್ತು. ಹಾಗೆ ಇರಲಿಲ್ಲ. ಸುತ್ತಲಿನ ಊರುಗಳಿಗೆ ನಡೆದು, ತಮ್ಮಂತೆ ಸಿಕ್ಕಿಕೊಂಡವರನ್ನು ಹುಡುಕತೊಡಗಿದರು. ‘ಅಧಿಕಾರಿ ಜೀಪಿಂದ ಇಳಿದು ನೀನು ಜೀತದಾಳಾ ಅಂತ ಕೇಳಿದ್ರೆ ಯಾರು ಹೌದು ಅಂತಾರೆ? ಎದುರಿಗೇ ಯಜಮಾನ್ರು ನಿಂತಿರ್ತಾರೆ. ನಾನೂ ಇಲ್ಲ ಅಂದಿದ್ದೆ’ ಎನ್ನುತ್ತಾರೆ. ಅವರ ವಿಚಾರಣೆಯ ರೀತಿಯೇ ಬೇರೆ. ಕೆರೆಯ ಬಳಿ ದನ ಮೇಯಿಸುವ ಹುಡುಗನ ಪಕ್ಕ ಕೂತು ಬೀಡಿ ಹಚ್ಚಿ ಮಾತು ತೆಗೆಯುತ್ತಾರೆ: ‘ಏನ್ ತಮ್ಮಾ, ಎಷ್ಟು ದುಡ್ಡು ತಗಂಡಿದ್ದೀಯ? ಯಾರ ಕೈಗೆ ಕೊಟ್ರು? ಹಬ್ಬಕ್ಕೆ ಅವ್ವನ್ನ ನೋಡಕ್ಕೆ ಬಿಡ್ತಾರಾ? ನಾಳೆ ಬೇರೆಯವರ ಹೊಲಕ್ಕೆ ಕೂಲಿಗೆ ಹೋದ್ರೆ ಸುಮ್ನಿರ್ತಾರಾ?’

ಕಾಯ್ದೆ ಪುಸ್ತಕ ತೆರೆದರೆ ಅಚ್ಚರಿಯಾಗುತ್ತದೆ. ಜೀತವೆಂದರೆ ಏನು ಎಂಬುದಕ್ಕೆ ಕಾನೂನು ಕೊಡುವ ಲಕ್ಷಣಗಳೂ ಇವೇ: ಮುಂಗಡ, ಓಡಾಟಕ್ಕೆ ತಡೆ, ಬೇರೆ ಕೆಲಸ ಹಿಡಿಯಲು ತಡೆ. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ಕಾಯ್ದೆಯ ಸಾರವನ್ನು ಅನುಭವದಿಂದಲೇ ಬಲ್ಲರು.

ಜೀತದ ಬದುಕನ್ನು ತೋರಿಸಿದ ಬಿ.ವಿ. ಕಾರಂತರ ‘ಚೋಮನ ದುಡಿ’ ಚಿತ್ರ ಬಂದ 1975ರಲ್ಲೇ, ಅಕ್ಟೋಬರ್‌ನಲ್ಲಿ, ಜೀತ ರದ್ದತಿಯ ಸುಗ್ರೀವಾಜ್ಞೆ ಹೊರಟಿತು. 1976ರಲ್ಲಿ ಅದು ಕಾಯ್ದೆಯಾಯಿತು. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಹುಟ್ಟಿದ್ದೂ 1976ರಲ್ಲೇ. ಆ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ಎಲೆಕ್ಟ್ರಾನಿಕ್ ಸಿಟಿ ಬೆಳೆದಷ್ಟು ವೇಗವಾಗಿ ಕಾಯ್ದೆ ಪಕ್ಕದ ಆನೇಕಲ್ ತಾಲ್ಲೂಕಿನ ಹೊಲಗಳನ್ನು ತಲುಪಲಿಲ್ಲ. ಅಲ್ಲಿ ಅದನ್ನು ಕೈಗೆತ್ತಿಕೊಂಡವರು ಕಿರಣ್ ಕಮಲ್ ಪ್ರಸಾದ್ ಮತ್ತು ಅವರು ಕಟ್ಟಿದ ಜೀವಿಕ, ಅಂದರೆ ಜೀತ ವಿಮುಕ್ತಿ ಕರ್ನಾಟಕ. ಆನೇಕಲ್ಲಿನಿಂದ ಹೊರಟ ಕೆಲಸ ರಾಜ್ಯದ ಹಲವು ಜಿಲ್ಲೆಗಳಿಗೆ ಹಬ್ಬಿತು. ಬಿಡುಗಡೆಯಾದವರೇ ಕಾರ್ಯಕರ್ತರಾದದ್ದು ಈ ಚಳವಳಿಯ ದೊಡ್ಡ ಬಲ.

ಆ ಲ್ಯಾಮಿನೇಟ್ ಕಾಗದ ನೋಡಿದವರಿಗೆ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಾಸ್ ನೆನಪಾಗದೆ ಇರದು. 1838ರ ಸೆಪ್ಟೆಂಬರ್ 3ರಂದು ಆತ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಾವಿಕನ ವೇಷ ಹಾಕಿ ರೈಲು ಹತ್ತಿದ. ಕಪ್ಪು ಜನ ಸ್ವತಂತ್ರರೆಂದು ತೋರಿಸಲು ಪತ್ರ ಬೇಕಿತ್ತು. ಆತನ ಜೇಬಿನಲ್ಲಿದ್ದದ್ದು ಸ್ನೇಹಿತನಿಂದ ಎರವಲು ತಂದ ನಾವಿಕರ ಪತ್ರ. ಅದರಲ್ಲಿ ಬರೆದಿದ್ದ ಚಹರೆಗೂ ಡಗ್ಲಾಸನ ಮುಖಕ್ಕೂ ತಾಳೆಯೇ ಇರಲಿಲ್ಲ. ಕಂಡಕ್ಟರ್ ಮಾತ್ರ ಮೇಲಿದ್ದ ಹದ್ದಿನ ಚಿತ್ರ ನೋಡಿ ಮುಂದೆ ಹೋದ. ಇಪ್ಪತ್ತನಾಲ್ಕು ಗಂಟೆಯೊಳಗೆ ಡಗ್ಲಾಸ್ ನ್ಯೂಯಾರ್ಕ್ ಸೇರಿದ್ದ. 1845ರ ಆತ್ಮಕಥೆಯಲ್ಲಿ ಆತ ಈ ಸಂಗತಿಯನ್ನು ಮುಚ್ಚಿಟ್ಟ. ನೆರವಾದವರಿಗೆ ಕುತ್ತು ಬಾರದಿರಲಿ, ಆ ದಾರಿ ಉಳಿದವರಿಗೂ ತೆರೆದಿರಲಿ ಎಂದು. ಬಾಯಿಬಿಟ್ಟದ್ದು 1881ರಲ್ಲಿ, ಗುಲಾಮಗಿರಿ ಅಳಿದ ಎಷ್ಟೋ ವರ್ಷಗಳ ಮೇಲೆ.

ಅಷ್ಟಾದರೂ ಕಾನೂನಿನ ಕಣ್ಣಿಗೆ ಆತ ಓಡಿಹೋದ ಗುಲಾಮನೇ. 1846ರಲ್ಲಿ ಇಂಗ್ಲೆಂಡಿನ ಗೆಳೆಯರು 150 ಪೌಂಡ್ ಒಟ್ಟುಮಾಡಿ ಒಡೆಯನಿಗೆ ತೆತ್ತು ವಿಮೋಚನಾ ಪತ್ರ ಬರೆಸಿಕೊಂಡರು. ಮನುಷ್ಯನಿಗೆ ಬೆಲೆ ಕಟ್ಟಿದ್ದನ್ನು ಒಪ್ಪಿಕೊಂಡಂತಾಯಿತಲ್ಲ ಎಂದು ಡಗ್ಲಾಸನ ಸಂಗಾತಿಗಳಲ್ಲೇ ಕೆಲವರು ಸಿಟ್ಟಾದರು.

ಈ ವಿಷಯದಲ್ಲಿ ನಮ್ಮ ಕಾಯ್ದೆ ಬಹಳ ಎತ್ತರದಲ್ಲಿದೆ. ಅದರ ಪ್ರಕಾರ ಜೀತದ ಸಾಲ ಸಾಲವೇ ಅಲ್ಲ, ರದ್ದಾದದ್ದು. ಅದನ್ನು ವಸೂಲು ಮಾಡಿಕೊಂಡ ಯಜಮಾನನಿಗೆ ಮೂರು ವರ್ಷದವರೆಗೆ ಸೆರೆವಾಸ. ಇದು ಜೀತದ ಸಾಲವೆಂದು ಆಳು ಹೇಳಿದರೆ, ಅಲ್ಲವೆಂದು ಸಾಬೀತು ಮಾಡುವ ಹೊಣೆಯೂ ಸಾಲ ಕೊಟ್ಟವನದೇ. ಇಷ್ಟು ಬಡವರ ಪರವಾದ ಕಾನೂನು ನಮ್ಮಲ್ಲಿ ಅಪರೂಪ. ಅದನ್ನು ಓದಿಕೊಳ್ಳುವ ಅಧಿಕಾರಿಗಳೂ ಅಪರೂಪ ಎಂಬುದೇ ನೋವಿನ ಸಂಗತಿ.

ಬಿಡುಗಡೆಯಾದವರೇ ಉಳಿದವರನ್ನು ಬಿಡಿಸಿದ್ದು ಅಮೆರಿಕದಲ್ಲೂ ಉಂಟು. ಡಗ್ಲಾಸನ ಮೇರಿಲ್ಯಾಂಡಿನವಳೇ ಆದ ಹ್ಯಾರಿಯೆಟ್ ಟಬ್‌ಮನ್ 1849ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡಳು. ಆಮೇಲೆ ಸುಮಾರು 13 ಸಲ ಅದೇ ನೆಲಕ್ಕೆ ಮರಳಿ 70ರಷ್ಟು ಜನರನ್ನು ಕರೆತಂದಳು. ಓದುಬರಹ ಬಾರದ ಆಕೆಗೆ ಕಾಡಿನ ದಾರಿ, ನಂಬಬಹುದಾದ ಮನೆ ಗೊತ್ತಿತ್ತು. ಆನೇಕಲ್ಲಿನ ಈ ಹಿರಿಯರಿಗೂ ಯಾವ ಯಜಮಾನರು ಯಾವ ಹೊತ್ತಿನಲ್ಲಿ ಸಂತೆಗೆ ಹೋಗುತ್ತಾರೆ, ಹುಡುಗ ಯಾವಾಗ ಒಂಟಿಯಾಗಿ ಸಿಗುತ್ತಾನೆ ಎಂಬುದು ಗೊತ್ತು. ಆ ತಿಳಿವಳಿಕೆಯನ್ನು ಯಾವ ತರಬೇತಿಯೂ ಕೊಡಲಾರದು.

ಇಂದು ಹೊಲದ ಜೀತ ತಗ್ಗಿದೆ, ಮುಂಗಡ ತಗ್ಗಿಲ್ಲ. ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ಕಟ್ಟಡದ ಕೆಲಸಗಳಿಗೆ ದೂರದ ರಾಜ್ಯಗಳಿಂದ ಮೇಸ್ತ್ರಿಗಳು ಮುಂಗಡ ಕೊಟ್ಟೇ ಕುಟುಂಬಗಳನ್ನು ಕರೆತರುತ್ತಾರೆ. ಕೇಂದ್ರದ 2016ರ ಯೋಜನೆಯಲ್ಲಿ ಬಿಡುಗಡೆಯಾದ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಹಾಗೂ ಮಕ್ಕಳಿಗೆ 2 ಲಕ್ಷ, ಅತಿ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಪುನರ್ವಸತಿ ನೆರವಿದೆ. ಆದರೆ ಹಣದ ಬಹುಪಾಲನ್ನು ಪ್ರಕರಣದ ತೀರ್ಮಾನಕ್ಕೆ ಕಟ್ಟಿಹಾಕಿದ್ದರಿಂದ ಬಡವರು ಕಾಯುತ್ತಲೇ ಇರಬೇಕಾಯಿತು.

ಆದ್ದರಿಂದ ಬಿಡುಗಡೆ ಪತ್ರ ತಡವಾಗಬಾರದು, ಕಾಯ್ದೆಯಡಿಯ ಜಿಲ್ಲಾ ಮತ್ತು ಉಪವಿಭಾಗ ಮಟ್ಟದ ಜಾಗೃತಿ ಸಮಿತಿಗಳು ತಪ್ಪದೆ ಸೇರಬೇಕು, ಜೀತದಿಂದ ಬಂದವರಿಗೆ ಅಲ್ಲಿ ಜಾಗವಿರಬೇಕು. ಪೀಣ್ಯದಲ್ಲೋ ವೈಟ್‌ಫೀಲ್ಡ್‌ನಲ್ಲೋ ಇರುವ ಓದುಗರೂ ಸುಮ್ಮನಿರಬೇಕಿಲ್ಲ. ಮನೆಯ ಪಕ್ಕ ಕಟ್ಟಡ ಏಳುತ್ತಿದ್ದರೆ ಅಲ್ಲಿನ ಕೆಲಸಗಾರರನ್ನು ಮಾತನಾಡಿಸಿ, ಊರಿಗೆ ಹೋಗಲು ಬಿಡುತ್ತಾರೆಯೇ ಎಂದು ಕೇಳಿ. ಇಲ್ಲ ಎಂಬ ಉತ್ತರ ಬಂದರೆ ತಹಶೀಲ್ದಾರರಿಗೋ ಉಪವಿಭಾಗಾಧಿಕಾರಿಗೋ ಒಂದು ದೂರು ಬರೆಯಿರಿ.